ಮರಳಿ ಬರಲು ಒಂದು ಮುದ್ರೆ

ನನ್ನ ದೊಡ್ಡ ಮಾಮು ಸೌದಿ ಅರೇಬಿಯದ ದಮ್ಮಾಮಿನಲ್ಲಿ ಮೂವತ್ತೆಂಟು ವರ್ಷ ಕ್ರೇನ್ ನಡೆಸಿದವರು. 1979ರಲ್ಲಿ ಹೋದವರು 2017ರಲ್ಲಿ ಮರಳಿದರು. ಅವರ ಕಪಾಟಿನಲ್ಲಿ ರಬ್ಬರ್ ಬ್ಯಾಂಡ್ ಹಾಕಿದ ನಾಲ್ಕು ಪಾಸ್‌ಪೋರ್ಟುಗಳ ಕಟ್ಟೊಂದಿದೆ. ಒಮ್ಮೆ ಯಾವುದೋ ಕಾಗದ ಹುಡುಕಲು ಅದನ್ನು ಬಿಚ್ಚಿದಾಗ ನಾನು ಪಕ್ಕದಲ್ಲಿ ಕುಳಿತು ಲೆಕ್ಕ ಹಾಕಿದೆ. ಅಷ್ಟು ವರ್ಷಗಳಲ್ಲಿ ಅವರು ಹತ್ತೊಂಬತ್ತು ಸಲ ಊರಿಗೆ ಬಂದು ಹೋಗಿದ್ದಾರೆ. ಸಲಕ್ಕೆ ಹೆಚ್ಚೂ ಕಡಿಮೆ ಎರಡು ತಿಂಗಳು. ಒಟ್ಟು ಮೂರು ವರ್ಷ ಎರಡು ತಿಂಗಳು. ಮಿಕ್ಕ ಸುಮಾರು ಮೂವತ್ತೈದು ವರ್ಷ ಅವರು ಇದ್ದದ್ದು ಅಲ್ಲಿಯೇ.

ಆ ಪ್ರತಿಯೊಂದು ಪ್ರಯಾಣಕ್ಕೂ ಒಂದು ಅರಬಿ ಪರವಾನಗಿ ಬೇಕಿತ್ತು. ಹಳೆಯ ಪಾಸ್‌ಪೋರ್ಟುಗಳಲ್ಲಿ ಅದು ಮುದ್ರೆಯಾಗಿ ಬಿದ್ದಿದೆ, ಕೊನೆಯ ವರ್ಷಗಳಲ್ಲಿ ಕಂಪ್ಯೂಟರಿನಿಂದ ತೆಗೆದ ಕಾಗದವಾಗಿದೆ. 'ಖುರೂಜ್ ವ ಔದ' ಎಂದು ಅದರ ಹೆಸರು. ಖುರೂಜ್ ಎಂದರೆ ಹೊರಡುವುದು, ಔದ ಎಂದರೆ ಮರಳುವುದು. ಗಲ್ಫಿಗೆ ಹೋದ ನಮ್ಮವರು ಇದನ್ನು 'ಎಕ್ಸಿಟ್ ರೀ-ಎಂಟ್ರಿ' ಎನ್ನುತ್ತಾರೆ. ಕಟ್ಟಿನ ಕೊನೆಯಲ್ಲಿ ನಾಲ್ಕು ಮಡಿಕೆಯಾಗಿ ಇನ್ನೊಂದು ಕಾಗದವಿತ್ತು. ಅದರಲ್ಲಿ ಔದ ಎಂಬ ಪದವಿರಲಿಲ್ಲ. 'ಖುರೂಜ್ ನಿಹಾಯಿ' ಎಂದಿತ್ತು. ಕೊನೆಯ ನಿರ್ಗಮನ.

ಮೂವತ್ತೈದು ವರ್ಷ ಒಂದು ಊರಿನಲ್ಲಿ ಬದುಕಿದವನು ಆ ಊರಿಗೆ ಏನಾಗುತ್ತಾನೆ? ಈ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ಪರವಾನಗಿಗಳಿಲ್ಲದ ಕಾಲದಿಂದ ಆರಂಭಿಸಬೇಕು.

ಅರಬಿ ಸಮುದ್ರದ ಎರಡೂ ದಡಗಳ ಜನ ಪರಸ್ಪರ ಊರುಗಳಲ್ಲಿ ಬದುಕುವುದು ಹೊಸ ಸಂಗತಿಯೇನಲ್ಲ. ಟ್ಯುನೀಷಿಯದಲ್ಲಿ ಹುಟ್ಟಿದ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ 1132ರ ಹೊತ್ತಿಗೆ ಮಂಗಳೂರಿಗೆ ಬಂದು, ಇಲ್ಲಿಯೇ ಹಿತ್ತಾಳೆಯ ಕಾರ್ಖಾನೆ ಇಟ್ಟು, ಇಲ್ಲಿಯ ಹೆಣ್ಣಿನೊಡನೆ ಸಂಸಾರ ಹೂಡಿ, 1149ರಲ್ಲಿ ಏಡನ್‌ಗೆ ಮರಳಿದ. ಕೈರೋದ ಹಳೆಯ ಯಹೂದಿ ದೇಗುಲದಲ್ಲಿ ಸಿಕ್ಕ ಕಾಗದಗಳಿಂದ ಅವನ ಕತೆ ನಮಗೆ ತಿಳಿಯುತ್ತದೆ. ಇಬ್ನ್ ಬತೂತ 14ನೇ ಶತಮಾನದಲ್ಲಿ ಈ ಕರಾವಳಿಯನ್ನು ಹಾದು ಹೋದಾಗ ಮಂಗಳೂರಿನಲ್ಲಿ ಪರ್ಷಿಯ ಮತ್ತು ಯೆಮನಿನ ವ್ಯಾಪಾರಿಗಳು ಬಂದಿಳಿಯುತ್ತಿದ್ದುದನ್ನೂ, ಸುಮಾರು ನಾಲ್ಕು ಸಾವಿರ ಮುಸ್ಲಿಮರು ಪಟ್ಟಣದ ಪಕ್ಕದ ಕೇರಿಯಲ್ಲಿ ನೆಲೆಸಿದ್ದುದನ್ನೂ ಬರೆದಿದ್ದಾನೆ. ಭಟ್ಕಳದ ನವಾಯತರು ತಮ್ಮ ಮೂಲವನ್ನು ಹೀಗೆ ಬಂದ ಅರಬಿ ವ್ಯಾಪಾರಿಗಳಲ್ಲಿಯೇ ಗುರುತಿಸಿಕೊಳ್ಳುತ್ತಾರೆ.

ಆಗಲೂ ಬರುವುದಕ್ಕೆ, ಹೋಗುವುದಕ್ಕೆ ನಿಯಮವಿತ್ತು. ಆದರೆ ಅದನ್ನು ಬರೆದದ್ದು ಗಾಳಿ. ಮುಂಗಾರಿನಲ್ಲಿ ಸಮುದ್ರ ಮುಚ್ಚುತ್ತಿತ್ತು. ಗಾಳಿ ದಿಕ್ಕು ಬದಲಿಸುವವರೆಗೆ ಹಡಗು ಕಾಯಬೇಕು, ವ್ಯಾಪಾರಿ ಬಾಡಿಗೆ ಮನೆಯಲ್ಲಿರಬೇಕು. ಇಂಗ್ಲಿಷಿನ ಮಾನ್ಸೂನ್ ಎಂಬ ಪದ ಹುಟ್ಟಿದ್ದೇ ಋತು ಎಂಬರ್ಥದ ಅರಬಿಯ 'ಮೌಸಿಮ್'ನಿಂದ. ನಮ್ಮ ಉರ್ದುವಿನ ಮೌಸಮ್ ಕೂಡ ಅದೇ. ಗಾಳಿ ಬಡವ ಬಲ್ಲಿದನೆಂದು ನೋಡುತ್ತಿರಲಿಲ್ಲ. ಎಲ್ಲರ ಹಡಗನ್ನೂ ಒಂದೇ ತಿಂಗಳಲ್ಲಿ ತಡೆಯುತ್ತಿತ್ತು, ಒಂದೇ ತಿಂಗಳಲ್ಲಿ ಬಿಡುತ್ತಿತ್ತು.

ಕಾಗದದ ನಿಯಮ ಬಂದದ್ದು ಇಪ್ಪತ್ತನೇ ಶತಮಾನದಲ್ಲಿ. 1947ರವರೆಗೂ ಕೊಲ್ಲಿಯ ಸಣ್ಣ ಸಂಸ್ಥಾನಗಳ ಮೇಲೆ ಬ್ರಿಟಿಷರು ಕಣ್ಣಿಟ್ಟಿದ್ದು ಭಾರತ ಸರ್ಕಾರದ ಮೂಲಕವೇ. ಅಲ್ಲಿ ಚಲಾವಣೆಯಲ್ಲಿದ್ದದ್ದೂ ನಮ್ಮ ರೂಪಾಯಿ. 1959ರಲ್ಲಿ ರಿಸರ್ವ್ ಬ್ಯಾಂಕ್ ಕೊಲ್ಲಿಗೆಂದೇ ಬೇರೆ ರೂಪಾಯಿ ನೋಟುಗಳನ್ನು ಮುದ್ರಿಸಿತ್ತು. ಬಹರೈನಿನಲ್ಲಿ 1932ರಲ್ಲಿ ಎಣ್ಣೆ ಸಿಕ್ಕಿದ ಮೇಲೆ ಭಾರತದಿಂದ ಗುಮಾಸ್ತರು, ಕುಶಲಕರ್ಮಿಗಳು ಹೋಗತೊಡಗಿದರು. ಅಲ್ಲಿಗೆ ಕಾಲಿಡಬೇಕಾದರೆ 'ಆಕ್ಷೇಪವಿಲ್ಲ' ಎಂಬ ಪತ್ರ ಬೇಕು, ಯಾರಾದರೊಬ್ಬರು ಹೊಣೆ ಹೊರಬೇಕು ಎಂಬ ಪದ್ಧತಿ ಆ ಬ್ರಿಟಿಷ್ ಕಚೇರಿಗಳ ಕಾಲದಲ್ಲಿಯೇ ಬೇರೂರಿತು. ಮುಂದೆ ಕೊಲ್ಲಿಯ ರಾಜ್ಯಗಳು ಅದನ್ನು ಕಾನೂನಾಗಿಸಿದವು. ವಿದೇಶಿಯರ ವಾಸದ ಕಾನೂನು ಸೌದಿಯಲ್ಲಿ 1952ರಲ್ಲಿ, ಕುವೈತಿನಲ್ಲಿ 1959ರಲ್ಲಿ, ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ 1973ರಲ್ಲಿ ಬಂತು. ಅದೇ 1973ರಲ್ಲಿ ಎಣ್ಣೆಯ ಬೆಲೆ ಏರಿತು. ರಸ್ತೆ, ಬಂದರು, ಆಸ್ಪತ್ರೆ ಕಟ್ಟಲು ಲಕ್ಷಗಟ್ಟಲೆ ಕೈಗಳು ಬೇಕಾದವು. ಕೈಗಳು ಬೇಕಿತ್ತು, ನೆಲೆಸುವ ಜನ ಬೇಕಿರಲಿಲ್ಲ. ಇಡೀ ವ್ಯವಸ್ಥೆ ನಿಂತದ್ದು ಈ ಒಂದು ತರ್ಕದ ಮೇಲೆ.

ಇದರಲ್ಲಿ ಸ್ಥಳೀಯರ ಭಯವೂ ಸುಳ್ಳೇನಲ್ಲ. ಎಮಿರೇಟ್ಸ್‌ನಲ್ಲಿ ಇಂದು ಹತ್ತು ಜನರಲ್ಲಿ ಒಬ್ಬರು ಮಾತ್ರ ಅಲ್ಲಿಯ ಪ್ರಜೆ. ತಮ್ಮ ನೆಲದಲ್ಲಿ ತಾವೇ ಅಲ್ಪಸಂಖ್ಯಾತರಾದವರು ಬಾಗಿಲಿಗೆ ಅಗುಳಿ ಹಾಕಿಕೊಳ್ಳುವುದು ಅರ್ಥವಾಗುತ್ತದೆ. ಪ್ರಶ್ನೆ ಇರುವುದು ಆ ಅಗುಳಿ ಯಾರ ಕೈಯಲ್ಲಿತ್ತು ಎಂಬುದರಲ್ಲಿ.

ಅದು ಕಫೀಲನ ಕೈಯಲ್ಲಿತ್ತು. ಕಫಾಲತ್ ಎಂಬುದು ಮೂಲದಲ್ಲಿ ಎಂಥ ಕರುಣೆಯ ಪದ! ತಂದೆಯಿಲ್ಲದ ಮಗುವಿನ ಹೊಣೆ ಹೊರುವುದಕ್ಕೆ ನಾವು ಇಂದಿಗೂ ಬಳಸುವ ಮಾತು ಅದು. ಅದೇ ಪದ, ಕೆಲಸಗಾರನು ಬರುವುದು, ಇರುವುದು, ಕೆಲಸ ಬದಲಿಸುವುದು, ಊರಿಗೆ ಹೋಗುವುದು ಎಲ್ಲವೂ ಒಬ್ಬ ಮಾಲೀಕನ ಸಹಿಗೆ ಕಟ್ಟುಬಿದ್ದ ವ್ಯವಸ್ಥೆಯ ಹೆಸರಾಯಿತು. ಇಕಾಮಾ ಎಂಬ ಇನ್ನೊಂದು ಪದವನ್ನೂ ನೋಡಿ. ಪ್ರಯಾಣಿಕನು ಒಂದು ಊರಿನಲ್ಲಿ ಇಷ್ಟು ದಿನ ನಿಲ್ಲುತ್ತೇನೆಂದು ನಿಶ್ಚಯಿಸಿದರೆ ಅವನು ಮುಸಾಫಿರ ಅಲ್ಲ, ಮುಕೀಮ್, ಅಂದರೆ ಅಲ್ಲಿ ನಿಂತವನು. ಹನಫಿಗಳಲ್ಲಿ ಅದಕ್ಕೆ ಹದಿನೈದು ದಿನ, ನಮ್ಮ ಕರಾವಳಿಯ ಶಾಫಿಗಳಲ್ಲಿ ನಾಲ್ಕು ದಿನ. ಆ ಬಳಿಕ ಅವನು ನಮಾಝನ್ನು ಮೊಟಕುಗೊಳಿಸುವಂತಿಲ್ಲ. ಅಲ್ಲಿ ಮನುಷ್ಯನ ವಾಸ ತೀರ್ಮಾನವಾಗುವುದು ಅವನದೇ ನಿಯ್ಯತ್ತಿನಿಂದ. ಕೊಲ್ಲಿಯ ಕಾನೂನಿನಲ್ಲಿ ಇಕಾಮಾ ಎಂದರೆ ಜೇಬಿನಲ್ಲಿರಬೇಕಾದ ಒಂದು ಕಾರ್ಡು. ನಿಯ್ಯತ್ತು ಮಾತ್ರ ಕಫೀಲನದು.

1994ರಲ್ಲಿ ನಮ್ಮ ನಾನಿ ತೀರಿಕೊಂಡಾಗ ನಾನು ಹೈಸ್ಕೂಲಿನಲ್ಲಿದ್ದೆ. ಮಾಮುಗೆ ಅಂದೇ ಫೋನು ಹೋಯಿತು. ಇಕಾಮಾ ಅವರ ಜೇಬಿನಲ್ಲಿತ್ತು, ಪಾಸ್‌ಪೋರ್ಟ್ ಕಚೇರಿಯ ಪೆಟ್ಟಿಗೆಯಲ್ಲಿತ್ತು. ಕಫೀಲ್ ಕೆಟ್ಟ ಮನುಷ್ಯನೇನಲ್ಲ, ಊರಿನಲ್ಲಿರಲಿಲ್ಲ ಅಷ್ಟೇ. ಅವನ ಸಹಿಯಿಲ್ಲದೆ ಖುರೂಜ್ ವ ಔದ ಆಗುವಂತಿಲ್ಲ. ಅದಿಲ್ಲದೆ ಹೊರಡುವಂತಿಲ್ಲ, ಮರಳುವಂತೆಯೂ ಇಲ್ಲ, ಮರಳದಿದ್ದರೆ ಇಲ್ಲಿ ಒಲೆ ಉರಿಯುವುದಿಲ್ಲ. ಒಂಬತ್ತನೆಯ ದಿನ ಸಹಿ ಬಿತ್ತು. ಅವರು ಬಂದಿಳಿದಾಗ ಮನೆಯಲ್ಲಿ ನೆಂಟರೆಲ್ಲ ಹೊರಟುಹೋಗಿದ್ದರು. ಮಾಮು ನೇರ ಖಬರಸ್ಥಾನಕ್ಕೆ ಹೋಗಿ, ಯಾವ ಗೋರಿ ಎಂದು ನನ್ನನ್ನು ಕೇಳಿದರು. ಹದಿನಾಲ್ಕರ ಹುಡುಗ ನಾನು, ತಾಯಿಯ ಗೋರಿಯನ್ನು ಮಗನಿಗೆ ತೋರಿಸಿದೆ.

ಮರಳುವ ಪರವಾನಗಿಗೆ ಅವಧಿಯಿತ್ತು, ಬೆಲೆಯಿತ್ತು. 2016ರಿಂದ ಸೌದಿಯಲ್ಲಿ ಒಂದು ಸಲದ ಪರವಾನಗಿಗೆ ಎರಡು ತಿಂಗಳಿಗೆ 200 ರಿಯಾಲ್, ಮೇಲಿನ ಪ್ರತಿ ತಿಂಗಳಿಗೆ 100 ರಿಯಾಲ್. ಅವಧಿಯೊಳಗೆ ಮರಳದವನ ಹೆಸರಿನ ಮುಂದೆ 'ಹೋದವನು ಮರಳಲಿಲ್ಲ' ಎಂದು ದಾಖಲಾಗುತ್ತಿತ್ತು. ಹಳೆಯ ಮಾಲೀಕನೇ ಕರೆಸಿಕೊಂಡರೆ ಸರಿ, ಇಲ್ಲವಾದರೆ ಮೂರು ವರ್ಷ ಪ್ರವೇಶವಿಲ್ಲ. ಎಮಿರೇಟ್ಸ್, ಕುವೈತ್‌ಗಳಲ್ಲಿ ಬೇರೆ ಲೆಕ್ಕ. ಆರು ತಿಂಗಳು ಹೊರಗಿದ್ದರೆ ವಾಸದ ಪರವಾನಗಿ ತಾನಾಗಿಯೇ ರದ್ದು. 2020ರ ಮಾರ್ಚಿನಲ್ಲಿ ಕೊರೋನದಿಂದ ವಿಮಾನಗಳು ನಿಂತಾಗ, ರಜೆಗೆ ಬಂದು ಸಿಕ್ಕಿಬಿದ್ದ ನಮ್ಮ ಕರಾವಳಿಯ ಎಷ್ಟೋ ಮನೆಗಳಲ್ಲಿ ರೋಗದ ಭಯಕ್ಕಿಂತ ಈ ಆರು ತಿಂಗಳ ಭಯವೇ ದೊಡ್ಡದಾಗಿತ್ತು. ಆಗ ಆ ಸರ್ಕಾರಗಳು ಅವಧಿ ಸಡಿಲಿಸಿದವು ಎಂಬುದನ್ನೂ ಹೇಳಬೇಕು.

ಇಷ್ಟೆಲ್ಲ ದುಡಿಯುವವರೆಗೆ. ದುಡಿಮೆ ನಿಂತರೆ? ವಾಸದ ಪರವಾನಗಿ ಕೆಲಸಕ್ಕೆ ಅಂಟಿಕೊಂಡದ್ದರಿಂದ ನಿವೃತ್ತಿ ಎಂಬ ಸ್ಥಿತಿಯೇ ಕಾನೂನಿನಲ್ಲಿರಲಿಲ್ಲ. ಮುದುಕನಾಗುವುದೆಂದರೆ ಹೊರಡುವುದು. ಪಿಂಚಣಿ ಪ್ರಜೆಗಳಿಗೆ, ವಿದೇಶಿಗೆ ಒಂದು ಗಂಟು ಹಣ. ಸೌದಿ ಕಾರ್ಮಿಕ ಕಾನೂನಿನ ಪ್ರಕಾರ ಮೊದಲ ಐದು ವರ್ಷಕ್ಕೆ ತಲಾ ಅರ್ಧ ತಿಂಗಳ, ಬಳಿಕ ವರ್ಷಕ್ಕೆ ಒಂದು ತಿಂಗಳ ಸಂಬಳ. ಮಾಮುಗೆ ಮೂವತ್ತೆಂಟು ವರ್ಷಕ್ಕೆ ಮೂವತ್ತೈದೂವರೆ ತಿಂಗಳ ಸಂಬಳ ಸಿಕ್ಕಿತು. ಕೊನೆಯ ಸಂಬಳ 1,800 ರಿಯಾಲ್. ಒಟ್ಟು 63,900 ರಿಯಾಲ್.

ಅವರು ಮರಳಿದ ಮರುವರ್ಷವೇ ಗಾಳಿ ದಿಕ್ಕು ಬದಲಿಸಿತು. ನಿವೃತ್ತ ವಿದೇಶಿಯರಿಗೆ ಐದು ವರ್ಷದ ವೀಸಾ ಕೊಡುವುದಾಗಿ 2018ರಲ್ಲಿ ಎಮಿರೇಟ್ಸ್ ಘೋಷಿಸಿತು. 2020ರಲ್ಲಿ ದುಬೈ ತನ್ನ ನಿವೃತ್ತಿ ಯೋಜನೆಯನ್ನು ಆರಂಭಿಸಿತು. ವಯಸ್ಸು 55 ತುಂಬಿರಬೇಕಿತ್ತು. ತಿಂಗಳಿಗೆ 20,000 ದಿರ್ಹಮ್ ಆದಾಯ, ಇಲ್ಲವೇ ಹತ್ತು ಲಕ್ಷ ದಿರ್ಹಮ್ ಉಳಿತಾಯ, ಇಲ್ಲವೇ ಇಪ್ಪತ್ತು ಲಕ್ಷದ ಆಸ್ತಿ ಇರಬೇಕಿತ್ತು. ಮುಂದೆ ಆಸ್ತಿಯ ಮೊತ್ತ ಹತ್ತು ಲಕ್ಷಕ್ಕೆ ಇಳಿಯಿತು. ಸೌದಿ 2019ರಲ್ಲಿ ವಿಶೇಷ ಇಕಾಮಾ ತಂದಿತು. ಒಮ್ಮೆಗೆ ಎಂಟು ಲಕ್ಷ ರಿಯಾಲ್ ಕೊಟ್ಟರೆ ಶಾಶ್ವತ, ವರ್ಷಕ್ಕೆ ಒಂದು ಲಕ್ಷ ಕೊಟ್ಟರೆ ವರ್ಷದ ಮಟ್ಟಿಗೆ. ಅದನ್ನು ಪಡೆದವನಿಗೆ ಕಫೀಲ್ ಬೇಡ. ಯಾರ ಸಹಿಯೂ ಇಲ್ಲದೆ ಹೋಗಬಹುದು, ಮರಳಬಹುದು. ಎಮಿರೇಟ್ಸ್‌ನ ಗೋಲ್ಡನ್ ವೀಸಾದವರಿಗೆ ಆರು ತಿಂಗಳ ನಿಯಮವೂ ಅನ್ವಯಿಸದು. ಯಾವ ಮುದ್ರೆಗಾಗಿ ಮಾಮು ಒಂಬತ್ತು ದಿನ ಕಾದರೋ ಆ ಮುದ್ರೆಯೇ ಈಗ ಬೇಡವಾಯಿತು. ಆದರೆ ಅದರ ಬೆಲೆ ಅವರ ಇಡೀ ಆಯುಷ್ಯದ ಗಂಟಿನ ಹನ್ನೆರಡು ಪಟ್ಟಿಗಿಂತ ಹೆಚ್ಚು.

ಸಾಮಾನ್ಯ ಕೆಲಸಗಾರನಿಗೂ ಸ್ವಲ್ಪ ಸಡಿಲವಾಗಿದೆ ಎಂಬುದು ನಿಜ. 2021ರ ಮಾರ್ಚಿನಿಂದ ಸೌದಿಯ ಖಾಸಗಿ ಕಂಪನಿಗಳ ನೌಕರರು ಮಾಲೀಕನ ಅನುಮತಿಯಿಲ್ಲದೆ ತಾವೇ ಎಕ್ಸಿಟ್ ರೀ-ಎಂಟ್ರಿ ಪಡೆಯಬಹುದು. ಮನೆಗೆಲಸದವರಿಗೆ ಆ ಸೌಲಭ್ಯ ಸಿಗಲಿಲ್ಲ. ಮೂರು ವರ್ಷದ ನಿಷೇಧವೂ 2024ರ ಜನವರಿಯಲ್ಲಿ ತೆಗೆದುಹಾಕಲ್ಪಟ್ಟಿತು. ಎಮಿರೇಟ್ಸ್‌ನಲ್ಲಿ ಆರು ತಿಂಗಳು ಮೀರಿದವನು ಈಗ ಕಾರಣ ತೋರಿಸಿ, ಪ್ರತಿ ಮೂವತ್ತು ದಿನಕ್ಕೆ 100 ದಿರ್ಹಮ್ ದಂಡ ತೆತ್ತು ಮರುಪ್ರವೇಶ ಕೇಳಬಹುದು. ಇದು ಪ್ರಗತಿಯೇ. ಆದರೆ ಹೋಗಿ ಬರುವ ಹಕ್ಕು ಸಿಕ್ಕಿದ್ದು ದುಡಿಯುವ ಮೈಗೆ. ದುಡಿದು ಮುಗಿದ ಮೈಗೆ ಉಳಿಯುವ ಹಕ್ಕು ಸಿಗಬೇಕಾದರೆ ಬ್ಯಾಂಕಿನ ಕಾಗದ ಬೇಕು. ಹದಿನೈದು ವರ್ಷ ದುಡಿದಿರಬೇಕೆಂಬ ಮಾತು ಎಮಿರೇಟ್ಸ್‌ನ ಈಗಿನ ಷರತ್ತುಗಳಲ್ಲಿ ಇದೆಯಾದರೂ ಅದೊಂದೇ ಸಾಲದು, ಪಕ್ಕದಲ್ಲಿ ಹಣವಿರಬೇಕು. ವರ್ಷಗಳಿಗೆ ತಮ್ಮಷ್ಟಕ್ಕೆ ಬೆಲೆಯಿಲ್ಲ.

ಹಣವಿದ್ದು ಅರ್ಧ ವರ್ಷ ಅಲ್ಲಿ, ಅರ್ಧ ವರ್ಷ ಇಲ್ಲಿ ಬದುಕುವವರ ಪಾಡೂ ಪೂರ್ತಿ ನೆಮ್ಮದಿಯದಲ್ಲ. ಅಲ್ಲಿಯ ಕಾನೂನು ಹೊರಗಿದ್ದ ದಿನಗಳನ್ನು ಎಣಿಸಿದರೆ ನಮ್ಮ ಆದಾಯ ತೆರಿಗೆಯ ಕಾನೂನು ಒಳಗಿದ್ದ ದಿನಗಳನ್ನು ಎಣಿಸುತ್ತದೆ. ಒಂದು ಆರ್ಥಿಕ ವರ್ಷದಲ್ಲಿ ಇಲ್ಲಿ 182 ದಿನ ತುಂಬಿದರೆ ನೀವು ಇಲ್ಲಿಯ ನಿವಾಸಿ. ಇಲ್ಲಿಯ ಆದಾಯ ಹದಿನೈದು ಲಕ್ಷ ರೂಪಾಯಿ ಮೀರಿದವರ ಪಾಲಿಗೆ 2020ರಿಂದ ಈ ಗಡಿ 120 ದಿನಕ್ಕೂ ಇಳಿಯಬಹುದು. ಕ್ಯಾಲೆಂಡರಿನಲ್ಲಿ ಗೀಟು ಹಾಕುತ್ತ ಬದುಕುವ ಹಿರಿಯರನ್ನು ನಾನು ಬಲ್ಲೆ. ಮೊಮ್ಮಗಳ ನಿಕಾಹ್ ಇದ್ದರೂ ಮೊದಲು ನೋಡುವುದು ಆ ಗೀಟುಗಳನ್ನೇ.

ನಾವು ಬೆರಳು ತೋರಿಸಿ ಸುಮ್ಮನಿರುವಂತೆಯೂ ಇಲ್ಲ. ನಮ್ಮಲ್ಲಿ ನಿವೃತ್ತ ವಿದೇಶಿಗೆಂದು ಪ್ರತ್ಯೇಕ ವೀಸಾ ಇಲ್ಲವೇ ಇಲ್ಲ. 2005ರಲ್ಲಿ ಆರಂಭವಾದ ಸಾಗರೋತ್ತರ ಪ್ರಜೆಯ ಕಾರ್ಡು ಇರುವುದು ಭಾರತೀಯ ಮೂಲದವರಿಗೆ, ಅವರ ಗಂಡ ಹೆಂಡಿರಿಗೆ. ಬೆನ್ ಯಿಜು ಇಂದು ಬಂದರೆ ಮಂಗಳೂರು ಅವನನ್ನು ಹದಿನೇಳು ವರ್ಷ ಸುಮ್ಮನೆ ಇರಗೊಡುವುದಿಲ್ಲ.

2023ರಲ್ಲಿ ಮಾಮು ಉಮ್ರಾಕ್ಕೆ ಹೋದರು. ಅಷ್ಟರಲ್ಲಿ ಉಮ್ರಾ ವೀಸಾ ತೊಂಬತ್ತು ದಿನದ್ದಾಗಿತ್ತು, ಅದೇ ವೀಸಾದಲ್ಲಿ ದೇಶದ ಯಾವ ಊರಿಗೂ ಹೋಗಬಹುದಿತ್ತು. ಮಕ್ಕಾ ಮದೀನಾ ಮುಗಿಸಿ ದಮ್ಮಾಮಿಗೆ ಹೋಗಿ ಬಂದರು. ತಾವು ಮೂವತ್ತೆಂಟು ವರ್ಷ ನಮಾಝ್ ಮಾಡಿದ ಮಸೀದಿಯಲ್ಲಿ ಎರಡು ದಿನ ಕಳೆದರಂತೆ. ಮರಳಿ ಬಂದ ಮೇಲೆ ಕೇಳಿದೆ, "ಹೇಗಿತ್ತು ಮಾಮು?"

"ಚೆನ್ನಾಗಿತ್ತು ಬೇಟಾ. ಈ ಸಲ ಯಾರ ಸಹಿಯೂ ಬೇಕಾಗಲಿಲ್ಲ," ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಎರಡೇ ದಿನದ ಮಾತಲ್ಲವೇ, ಆ ಮಸೀದಿಯಲ್ಲಿ ಮೊದಲ ಸಲ ನಾನು ಮುಸಾಫಿರನ ನಮಾಝ್ ಮಾಡಿದೆ," ಎಂದರು.