ಪದ ಪರಿಚಯ: ತುರಿಕೆ

ತೆಂಗಿನಕಾಯಿ ತುರಿಯುವ ಮಣೆಯಲ್ಲೂ ಮೈ ತುರಿಕೆಯಲ್ಲೂ ಇಂದು ಕೇಳುವುದು ಒಂದೇ ಸದ್ದು: ‘ತುರಿ’. ತುರಿಸುವ ಉಗುರಿನ ಕೆಲಸವೂ ಇಲ್ಲಿ ಬಾಧೆಯ ಹೆಸರಿನಲ್ಲೇ ಕೇಳುತ್ತದೆ. ಎಂಥ ಖಚಿತ ಮಾತು! ‘ನವೆ’ (ತೆಲುಗಿನಲ್ಲಿ ‘ನವ’) ಚರ್ಮದೊಳಗಿನ ಅನುಭವ. ‘ತುರಿಕೆ’ಯಲ್ಲಿ ಕೈಯೂ ಸೇರಿದೆ.

ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ತುರಿಕೆ ಅಂದರೆ ಮೊದಲು ನೆನಪಾಗುವುದು ಬೇವು. ಎಲೆ ಕುದಿಸಿದ ನೀರಿನ ಕಹಿ ವಾಸನೆ ಬಚ್ಚಲನ್ನೆಲ್ಲ ತುಂಬುತ್ತದೆ. 1942ರಲ್ಲಿ ರಸಾಯನಶಾಸ್ತ್ರಜ್ಞ ಸಲೀಮುಜ್ಜಮಾನ್ ಸಿದ್ದಿಕಿ ಬೇವಿನೆಣ್ಣೆಯಿಂದ ನಿಂಬಿನ್, ನಿಂಬಿಡಿನ್ ಎಂಬ ಕಹಿಸಾರಗಳನ್ನು ಬೇರ್ಪಡಿಸಿದರು. ನಿಂಬಿಡಿನ್ ಉರಿಯೂತ ತಗ್ಗಿಸುವುದು ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡಿದೆ. ಆದರೆ ಮನುಷ್ಯರಲ್ಲಿ ತುರಿಕೆ ತರುವ ಇಸುಬಿಗೆ (ಎಕ್ಸಿಮಾ) ಅದಿನ್ನೂ ಸಾಬೀತಾದ ಮದ್ದಲ್ಲ. ಎಳೆಮಕ್ಕಳ ಒಡೆದ ಚರ್ಮಕ್ಕೆ ಬೇವಿನೆಣ್ಣೆ ಹಚ್ಚುವ ಮೊದಲು ದಯವಿಟ್ಟು ವೈದ್ಯರನ್ನು ಕೇಳಿ.