ಉಪ್ಪಿನ ಋಣ ಮತ್ತು ರಣರಂಗ

ಬಾದನಹಟ್ಟಿ, ಕುರುಗೋಡು, ಸಿರುಗುಪ್ಪದ ಸೀಮೆಗೆ ಪಶ್ಚಿಮದಲ್ಲಿ ಹಂಪಿಯಿದೆ, ಉತ್ತರಕ್ಕೆ ತುಂಗಭದ್ರೆ ದಾಟಿದರೆ ರಾಯಚೂರು. ಕೃಷ್ಣಾ-ತುಂಗಭದ್ರೆಗಳ ನಡುವಿನ ಆ ಫಲವತ್ತಾದ ನೆಲಕ್ಕಾಗಿ ವಿಜಯನಗರದ ಅರಸರೂ ಬಹಮನಿ ಮತ್ತು ಬಿಜಾಪುರದ ಸುಲ್ತಾನರೂ ತಲೆಮಾರುಗಳ ಕಾಲ ಕಾದಾಡಿದರು. ಈ ಯುದ್ಧಗಳನ್ನು ಹಿಂದೂ-ಮುಸ್ಲಿಂ ಲೆಕ್ಕದಲ್ಲೇ ಓದುವುದು ನಮಗೆ ರೂಢಿಯಾಗಿಬಿಟ್ಟಿದೆ. ಸಾವು ಎದುರಿಗಿದ್ದಾಗ ಒಬ್ಬ ಸಿಪಾಯಿ ಏಕೆ ನಿಲ್ಲುತ್ತಾನೆ, ಏಕೆ ಓಡುತ್ತಾನೆ ಎಂದು ಕೇಳಿ ನೋಡಿದರೆ ಅದೇ ಚರಿತ್ರೆ ಬೇರೆ ಉತ್ತರ ಕೊಡುತ್ತದೆ.

1424ರಿಂದ 1446ರವರೆಗೆ ಆಳಿದ ಇಮ್ಮಡಿ ದೇವರಾಯ, ಬಹಮನಿಗಳೆದುರು ತನ್ನ ಸೈನ್ಯ ಸೋಲುವುದೇಕೆಂದು ಆಸ್ಥಾನಿಕರನ್ನು ಕೇಳಿದನಂತೆ. ಕೆಲವರು ವಿಧಿಲಿಖಿತ ಎಂದರು. ಕೆಲವರು ಎದುರಾಳಿಯ ಕುದುರೆ ಮತ್ತು ಬಿಲ್ಲುಗಾರರ ಕಡೆ ಬೆರಳು ಮಾಡಿದರು. ಅರಸ ಎರಡನೆಯ ಮಾತನ್ನು ಒಪ್ಪಿದ. ಮುಸ್ಲಿಂ ಬಿಲ್ಲುಗಾರರನ್ನು ಸೇರಿಸಿಕೊಂಡು ಜಾಗೀರು ಕೊಟ್ಟ, ತನ್ನ ಸೈನಿಕರಿಗೆ ಅವರಿಂದ ಬಿಲ್ವಿದ್ಯೆ ಕಲಿಸಿದ. ಅವರು ಮುಜುಗರವಿಲ್ಲದೆ ವಂದಿಸಲೆಂದು ಸಿಂಹಾಸನದ ಮುಂದೆ ಕುರ್‌ಆನ್ ಇಡಿಸಿದ ಎಂದು ಫೆರಿಷ್ತಾ ಬರೆಯುತ್ತಾನೆ. ಹಂಪಿಯಲ್ಲಿ ಇದಕ್ಕೆ ಕಲ್ಲಿನ ಸಾಕ್ಷಿಯೂ ಇದೆ. ದೇವರಾಯನ ಸೇವಕ ಅಹಮದ್ ಖಾನ್ 1439ರಲ್ಲಿ ಕಟ್ಟಿಸಿದ ಮಸೀದಿಯನ್ನು ಅಲ್ಲಿನ ಕನ್ನಡ ಶಾಸನ 'ಧರ್ಮಸಾಲೆ' ಎಂದು ಕರೆದು, ಅದರ ಪುಣ್ಯವನ್ನು ಅರಸನಿಗೆ ಅರ್ಪಿಸುತ್ತದೆ.

ಮರ್ಯಾದೆಯ ಜೊತೆ ಸಂಬಳವೂ ಬೇಕಲ್ಲ! 1443ರಲ್ಲಿ ಬಂದ ಅಬ್ದುರ್ ರಝಾಕ್, ಇಲ್ಲಿನ ಸೈನಿಕರಿಗೆ ನಾಲ್ಕು ತಿಂಗಳಿಗೊಮ್ಮೆ ಖಜಾನೆಯಿಂದಲೇ ಸಂಬಳ ಸಲ್ಲುತ್ತದೆ ಎಂದು ದಾಖಲಿಸಿದ್ದಾನೆ. ಉಪ್ಪಿನ ಋಣ ಎಂಬ ಮಾತಿಗೆ ಅರ್ಥ ಬರುವುದು ಉಪ್ಪು ಹೊತ್ತಿಗೆ ಸಿಕ್ಕಾಗ ಮಾತ್ರ.

1520ರ ರಾಯಚೂರು ಯುದ್ಧದಲ್ಲಿ ಇಸ್ಮಾಯಿಲ್ ಆದಿಲ್ ಶಾಹನ ಫಿರಂಗಿಗಳು ವಿಜಯನಗರದ ಮುಂಚೂಣಿಯನ್ನು ಚದುರಿಸಿದವು. ಪೋರ್ಚುಗೀಸ್ ವರ್ತಕ ನ್ಯೂನಿಜ್ ಹೇಳುವಂತೆ, ಆಗ ಕೃಷ್ಣದೇವರಾಯ ತನ್ನ ಉಂಗುರವನ್ನು ಸೇವಕನಿಗೆ ಕೊಟ್ಟು, ತಾನು ಸತ್ತರೆ ರಾಣಿಯರಿಗೆ ತೋರಿಸು ಎಂದು ಹೇಳಿ, ಕುದುರೆಯೇರಿ ಮುಂದೆ ನಡೆದ. ಓಡಿಬರುವವರನ್ನು ಕೊಲ್ಲಲು ಆಜ್ಞೆಯನ್ನೂ ಮಾಡಿದ. ಭಯವೂ ಕೆಲಸ ಮಾಡಿರಬೇಕು. ಆದರೆ ಆಜ್ಞೆ ಮಾಡಿದವನೇ ಸಾಯಲು ಸಿದ್ಧನಾಗಿ ಮುಂದಿದ್ದ. ಸೋಲುತ್ತಿದ್ದ ಸೈನ್ಯ ಗೆದ್ದಿತು.

1565ರಲ್ಲಿ ಇದೇ ಕಥೆ ತಿರುಗುಮುರುಗಾಯಿತು. ತಾಳಿಕೋಟೆ ಯುದ್ಧದಲ್ಲಿ ಇಬ್ಬರು ಮುಸ್ಲಿಂ ಸರದಾರರು ಪಕ್ಷ ಬದಲಿಸಿದ್ದೇ ಸೋಲಿಗೆ ಕಾರಣವೆಂದು, ಎರಡು ವರ್ಷಗಳ ನಂತರ ಬಂದ ವೆನಿಸ್‌ನ ಸೀಸರ್ ಫ್ರೆಡರಿಕ್ ಬರೆದ. ಅದನ್ನು ನಿಜವೆಂದೇ ಇಟ್ಟುಕೊಳ್ಳೋಣ. ಇಬ್ಬರ ದ್ರೋಹಕ್ಕೆ ಒಂದು ಸಮುದಾಯವೇ ಹೊಣೆಯಾದರೆ ಅಹಮದ್ ಖಾನನ ನಿಷ್ಠೆಯನ್ನು ಯಾರ ಲೆಕ್ಕಕ್ಕೆ ಹಾಕುವುದು? ಬಿಜಾಪುರಕ್ಕಾಗಿ ದುಡಿದ ಮರಾಠಾ ಸವಾರರನ್ನು ಎಲ್ಲಿ ನಿಲ್ಲಿಸುವುದು?

ಫೆರಿಷ್ತಾನ ವಿವರಣೆ ಇನ್ನೂ ಸರಳ: ವೃದ್ಧ ರಾಮರಾಯ ಸೆರೆಸಿಕ್ಕ, ಅವನ ಕತ್ತರಿಸಿದ ತಲೆ ಕಂಡೊಡನೆ ಸೈನ್ಯ ದಿಕ್ಕಾಪಾಲಾಯಿತು. ಚದುರಿದವರನ್ನು ಮತ್ತೆ ಕೂಡಿಸಿ ನಿಲ್ಲಿಸುವವರು ಯಾರೂ ಇರಲಿಲ್ಲ. ತಮ್ಮ ತಿರುಮಲ ಖಜಾನೆಯನ್ನು ಆನೆಗಳ ಮೇಲೆ ಹೇರಿಕೊಂಡು ಪೆನುಕೊಂಡೆಗೆ ಹೋದ, ರಾಜಧಾನಿಯ ಜನ ಅನಾಥರಾದರು.

ಹೊತ್ತಿಗೆ ಸಿಗುವ ಸಂಬಳ, ನಂಬಿಕೆಗೆ ಸಿಗುವ ಗೌರವ, ಮುಂದೆ ನಿಲ್ಲುವ ನಾಯಕ, ಅವನು ಬಿದ್ದರೆ ಜಾಗ ತುಂಬುವ ಇನ್ನೊಬ್ಬ. ಸೈನ್ಯವನ್ನು ಹಿಡಿದಿಡುವ ಹಗ್ಗಗಳು ಇವು. ಇವು ಎಲ್ಲಿ ಸಡಿಲವಾದವೆಂದು ಹುಡುಕುವ ಕಷ್ಟ ಬೇಡವೆನಿಸಿದಾಗಲೇ ನಾವು ಸೋಲಿಗೊಂದು ಜಾತಿ, ಒಂದು ಮತವನ್ನು ಹುಡುಕುತ್ತೇವೆ. ವಿಧಿಯನ್ನು ದೂರದೆ ಬಿಲ್ಲುಗಾರರನ್ನು ಕರೆಸಿದ ದೇವರಾಯ ನಮಗಿಂತ ಜಾಣನಾಗಿದ್ದ.