ಹಾಸು–ಹೊಕ್ಕಿಲ್ಲದ ಬಟ್ಟೆ: ನಮ್ದಾದ ಚರಿತ್ರೆಯನ್ನು ಓದುವ ಬಗೆ

೧. ಪೀಠಿಕೆ

ಕನ್ನಡದ ‘ಹಾಸುಹೊಕ್ಕು’ ಎಂಬ ನುಡಿ ಮಗ್ಗದಿಂದ ಬಂದುದು. ಉದ್ದಕ್ಕೆ ಬಿಗಿದ ಎಳೆ ಹಾಸು. ಲಾಳಿ ಅಡ್ಡಲಾಗಿ ಕೊಂಡೊಯ್ಯುವ ಎಳೆ ಹೊಕ್ಕು. ಎರಡೂ ಕೂಡಿದಲ್ಲಿ ಬಟ್ಟೆ. ಬಟ್ಟೆಯೆಂದರೆ ನೇಯ್ದದ್ದು ಎಂಬ ಈ ಗ್ರಹಿಕೆ ನಮ್ಮ ಭಾಷೆಯಲ್ಲಿ ಎಷ್ಟು ಆಳವಾಗಿ ಇಳಿದಿದೆಯೆಂದರೆ, ಒಂದರಲ್ಲೊಂದು ಬೆರೆತ ಯಾವುದನ್ನು ಹೇಳಬೇಕಾದರೂ ನಾವು ಮಗ್ಗದ ಮಾತನ್ನೇ ಆಶ್ರಯಿಸುತ್ತೇವೆ. ನೇಕಾರನಾಗಿದ್ದ ಜೇಡರ ದಾಸಿಮಯ್ಯನಿಂದ ಹಿಡಿದು ಉತ್ತರದ ಜುಲಾಹ ಕಬೀರನವರೆಗೆ, ಮಧ್ಯಕಾಲೀನ ಅನುಭಾವಿಗಳ ಕಾಯಕವನ್ನು ಕುರಿತ ನಮ್ಮ ಚರ್ಚೆಗಳಲ್ಲಿಯೂ ಮಗ್ಗಕ್ಕೇ ಅಗ್ರಸ್ಥಾನ.

ಆದರೆ ನೂಲದೆ, ನೇಯದೆ, ಹೆಣೆಯದೆ ಆಗುವ ಬಟ್ಟೆಯೊಂದುಂಟು. ಇಂಗ್ಲಿಷಿನಲ್ಲಿ ಅದು ಫೆಲ್ಟ್, ಪಾರಸಿಯಲ್ಲಿ ನಮದ್, ಕಾಶ್ಮೀರ, ರಾಜಸ್ಥಾನದ ಟೋಂಕ್ ಮತ್ತು ಗುಜರಾತಿನ ಕಚ್ಛ್ ಪ್ರದೇಶಗಳಲ್ಲಿ ನಮ್ದಾ. ಇದನ್ನು ಮಗ್ಗದ ಪರಿಭಾಷೆಯಿಂದ ನೋಡಿದರೆ ಒಂದು ಕೊರತೆಯಾಗಿ, ಇನ್ನೂ ಬಟ್ಟೆಯಾಗದ ಉಣ್ಣೆಯಾಗಿ ಮಾತ್ರ ಕಾಣುತ್ತದೆ. ಮಾಡುವ ಕ್ರಮವನ್ನು ಮೊದಲು ಅರಿತು, ಬಳಿಕ ವಸ್ತುಗಳನ್ನೂ ಗ್ರಂಥಗಳನ್ನೂ ಓದಿದರೆ, ಅದಕ್ಕೆ ತನ್ನದೇ ಆದ ದೀರ್ಘ ಚರಿತ್ರೆಯಿರುವುದು ಸ್ಪಷ್ಟವಾಗುತ್ತದೆ. ಈ ಮಾತನ್ನು ಸಮರ್ಥಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

೨. ಮಾಡುವ ಕ್ರಮ

ಉಣ್ಣೆಯ ಎಳೆ ಹತ್ತಿಯ ಎಳೆಯಂತಲ್ಲ. ಅದರ ಮೈಮೇಲೆ ಬುಡದಿಂದ ತುದಿಯ ಕಡೆಗೆ ಒಂದರ ಮೇಲೊಂದು ಹೊದಿಸಿದ ಸೂಕ್ಷ್ಮವಾದ ಪೊರೆಗಳಿರುತ್ತವೆ. ಮನೆಯ ಮಾಡಿಗೆ ಹೊದಿಸಿದ ಹೆಂಚುಗಳನ್ನು ಹೋಲುವ ರಚನೆ ಇದು. ಈ ಕಾರಣದಿಂದ ಎಳೆಯು ಬುಡದ ದಿಕ್ಕಿಗೆ ಸುಲಭವಾಗಿ ಸರಿಯುತ್ತದೆ, ತುದಿಯ ದಿಕ್ಕಿಗೆ ಸರಿಯಲಾರದು. ಬಿಸಿನೀರು ಮತ್ತು ಸಾಬೂನು ಸೇರಿದಾಗ ಎಳೆಗಳು ಸಡಿಲಗೊಂಡು ಜಾರುತ್ತವೆ. ಆಗ ಒತ್ತಿ ಉರುಳಿಸಿದರೆ ಪ್ರತಿಯೊಂದು ಎಳೆಯೂ ಒಂದೇ ದಿಕ್ಕಿಗೆ ತೆವಳುತ್ತ ನೆರೆಯ ಎಳೆಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಹಿಂದಕ್ಕೆ ಬರುವ ದಾರಿ ಅದಕ್ಕಿಲ್ಲ. ನೇಯ್ದ ಬಟ್ಟೆಯ ಎಳೆಗಳನ್ನು ಒಂದೊಂದಾಗಿ ಬಿಡಿಸಬಹುದು. ನಮ್ದಾವನ್ನು ಹರಿಯಬಹುದಲ್ಲದೆ ಬಿಡಿಸಲಾಗದು.

ಕಾಶ್ಮೀರದ ಕುಶಲಕರ್ಮಿಯ ಕೆಲಸ ಈ ಗುಣವನ್ನೇ ಆಧರಿಸಿದೆ. ಮೊದಲು ಉಣ್ಣೆಯನ್ನು ಹಿಂಜಿ ಹಗುರಗೊಳಿಸಬೇಕು. ಅದನ್ನು ಹುಲ್ಲಿನ ಚಾಪೆಯ ಮೇಲೆ ಪದರ ಪದರವಾಗಿ, ಎಲ್ಲಿಯೂ ತೆಳುವಾಗದಂತೆ ಹರಡಬೇಕು. ಒಂದು ಪದರದ ಎಳೆಗಳು ಉದ್ದಕ್ಕಿದ್ದರೆ ಮುಂದಿನ ಪದರದವು ಅಡ್ಡಕ್ಕಿದ್ದಷ್ಟೂ ಬಟ್ಟೆ ಗಟ್ಟಿ. ಪದರಗಳಿಗೆ ಸಾಬೂನಿನ ನೀರನ್ನು ಚಿಮುಕಿಸಿ, ಒತ್ತಿ ಗಾಳಿಯನ್ನು ಹೊರಡಿಸಬೇಕು. ಅನಂತರ ಚಾಪೆಯನ್ನು ಉಣ್ಣೆಸಮೇತ ಬಿಗಿಯಾಗಿ ಸುತ್ತಿ, ಹಗ್ಗದಿಂದ ಕಟ್ಟಿ, ಕಾಲಿನಿಂದಲೂ ಮುಂಗೈಗಳಿಂದಲೂ ಬಹಳ ಹೊತ್ತು ಉರುಳಿಸಬೇಕು. ನಡುನಡುವೆ ಬಿಚ್ಚಿ, ಅಂಚುಗಳನ್ನು ಸರಿಪಡಿಸಿ, ದಿಕ್ಕು ಬದಲಿಸಿ ಮತ್ತೆ ಸುತ್ತಬೇಕು. ಒಂದೇ ದಿಕ್ಕಿಗೆ ಉರುಳಿಸಿದರೆ ಬಟ್ಟೆ ಆ ದಿಕ್ಕಿಗೇ ಕುಗ್ಗುತ್ತದೆ. ಕುಗ್ಗುವಿಕೆ ಇಲ್ಲಿ ದೋಷವಲ್ಲ, ಬಟ್ಟೆಯಾಗುತ್ತಿರುವುದರ ಲಕ್ಷಣ. ಆದಕಾರಣ ಬೇಕಾದ ಅಳತೆಗಿಂತ ಸಾಕಷ್ಟು ಹೆಚ್ಚು ವಿಸ್ತಾರದಲ್ಲಿ ಉಣ್ಣೆಯನ್ನು ಹರಡುವುದು ವಾಡಿಕೆ. ಕೊನೆಗೆ ತೊಳೆದು ಒಣಗಿಸಿ, ‘ಆರಿ’ ಎಂಬ ಕೊಕ್ಕೆಸೂಜಿಯಿಂದ ಸರಪಳಿ ಹೊಲಿಗೆಯ ಕಸೂತಿ ಹಾಕುತ್ತಾರೆ.

ಈ ಪ್ರಕ್ರಿಯೆಯಿಂದ ಹೊರಡುವ ಎರಡು ಲಕ್ಷಣಗಳು ಚರಿತ್ರಕಾರನಿಗೆ ಮುಖ್ಯವಾದವು. ಮೊದಲನೆಯದಾಗಿ, ನಮ್ದಾದಲ್ಲಿ ನೂಲೇ ಇಲ್ಲ. ಎರಡನೆಯದಾಗಿ, ಅದನ್ನು ಎಲ್ಲಿ ಕತ್ತರಿಸಿದರೂ ಅಂಚು ಬಿಚ್ಚಿಕೊಳ್ಳುವುದಿಲ್ಲ. ಬೇಕಾದ ಆಕಾರಗಳನ್ನು ಕತ್ತರಿಸಿ ಒಂದರ ಮೇಲೊಂದು ಹೊಲಿಯುವ, ಅಥವಾ ಒಂದರೊಳಗೊಂದು ಕೂರಿಸುವ ಕಲೆ ಬೆಳೆದದ್ದು ಈ ಎರಡನೆಯ ಗುಣದಿಂದ. ಕಿರ್ಗಿಜ್ ಜನರ ‘ಶಿರ್ದಾಕ್’ ಹಾಸಿನಲ್ಲಿ ಎರಡು ಬಣ್ಣದ ನಮ್ದಾಗಳನ್ನು ಒಟ್ಟಿಗಿಟ್ಟು ಒಂದೇ ವಿನ್ಯಾಸವನ್ನು ಕತ್ತರಿಸಿ, ಒಂದರ ಆಕೃತಿಯನ್ನು ಮತ್ತೊಂದರ ಖಾಲಿ ಜಾಗದಲ್ಲಿ ಕೂರಿಸುತ್ತಾರೆ. ‘ಅಲಾ ಕಿಯಿಜ್’ ಎಂಬ ಇನ್ನೊಂದು ಬಗೆಯಲ್ಲಿ ಬಣ್ಣದ ಉಣ್ಣೆಯನ್ನು ಹರಡುವಾಗಲೇ ಚಿತ್ತಾರವಾಗಿ ಇರಿಸುತ್ತಾರೆ; ಉರುಳಿಸಿದಂತೆ ಚಿತ್ತಾರವೂ ನೆಲವೂ ಒಂದಾಗುತ್ತವೆ. ಈ ಎರಡನ್ನೂ ಯುನೆಸ್ಕೋ ಸಂಸ್ಥೆಯು ತುರ್ತು ಸಂರಕ್ಷಣೆ ಬೇಕಾದ ಪರಂಪರೆಗಳ ಪಟ್ಟಿಗೆ 2012ರಲ್ಲಿ ಸೇರಿಸಿತು.

೩. ಹಿಮದಲ್ಲಿ ಉಳಿದ ಸಾಕ್ಷ್ಯ

ಉಣ್ಣೆ ಮಣ್ಣಿನಲ್ಲಿ ಬಹುಕಾಲ ಉಳಿಯುವ ವಸ್ತುವಲ್ಲ. ಆದರೆ ಸೈಬೀರಿಯದ ಅಲ್ತಾಯ್ ಪರ್ವತಗಳ ಪಜಿರಿಕ್ ಕಣಿವೆಯಲ್ಲಿ ಸಮಾಧಿಗಳೊಳಗೆ ಇಳಿದ ನೀರು ಹೆಪ್ಪುಗಟ್ಟಿ, ಒಳಗಿದ್ದುದನ್ನೆಲ್ಲ ಕಾಪಾಡಿತು. 1929ರಲ್ಲಿ ಗ್ರ್ಯಾಜ್ನೋವ್ ಅಲ್ಲಿನ ಮೊದಲ ಸಮಾಧಿಯನ್ನು ಅಗೆದರು. 1947ರಿಂದ 1949ರವರೆಗೆ ಸೆರ್ಗೆಯ್ ರುದೆಂಕೊ ಉಳಿದ ದೊಡ್ಡ ಸಮಾಧಿಗಳನ್ನು ಶೋಧಿಸಿದರು. ಕ್ರಿ.ಪೂ. 5ರಿಂದ 3ನೆಯ ಶತಮಾನಗಳ ಅವಧಿಗೆ ಸೇರಿದ ಈ ಸಮಾಧಿಗಳಲ್ಲಿ ಫೆಲ್ಟಿನ ತಡಿಹೊದಿಕೆಗಳು, ಹಂಸಗಳು, ಗೋಡೆಗೆ ಕಟ್ಟುವ ಹಾಸುಗಳು ದೊರೆತವು. ಐದನೆಯ ಸಮಾಧಿಯ ದೊಡ್ಡ ಹಾಸು ಸುಮಾರು 4.5 ಮೀಟರು ಅಗಲ, 6.5 ಮೀಟರು ಉದ್ದವಿದೆ. ಪೀಠದಲ್ಲಿ ಕುಳಿತ ವ್ಯಕ್ತಿಯೊಂದರ ಮುಂದೆ ಕುದುರೆ ಸವಾರ ನಿಂತಿರುವ ದೃಶ್ಯ ಅದರಲ್ಲಿ ಮತ್ತೆ ಮತ್ತೆ ಬರುತ್ತದೆ. ಆಕೃತಿಗಳೆಲ್ಲವೂ ಬಣ್ಣದ ಫೆಲ್ಟನ್ನು ಕತ್ತರಿಸಿ ಹೊಲಿದಂಥವು.

ಇದೇ ಸಮಾಧಿಯಲ್ಲಿ ಗಂಟುಹಾಕಿ ನೇಯ್ದ ರತ್ನಗಂಬಳಿಯೂ ದೊರೆಯಿತು. ಈಗ ಎರಡೂ ಸೇಂಟ್ ಪೀಟರ್ಸ್‌ಬರ್ಗಿನ ಹರ್ಮಿಟೇಜ್ ಸಂಗ್ರಹಾಲಯದಲ್ಲಿವೆ. ಮಗ್ಗವನ್ನು ಬಲ್ಲ ಜನರ ನಡುವೆಯೇ, ಗೌರವದ ಸ್ಥಾನದಲ್ಲಿಯೇ ಫೆಲ್ಟ್ ಇದ್ದಿತೆಂಬುದು ಇದರಿಂದ ಸಿದ್ಧ. ಆದ್ದರಿಂದ ಫೆಲ್ಟ್ ಮಗ್ಗಕ್ಕೆ ಮೊದಲಿನ ಒರಟು ಮೆಟ್ಟಿಲೆಂದು ತಿಳಿಯುವುದು ಸರಿಯಲ್ಲ.

ಗ್ರಂಥಸಾಕ್ಷ್ಯವೂ ಇದಕ್ಕೆ ಪೂರಕವಾಗಿದೆ. ಹೆರೊಡೋಟಸ್ ತನ್ನ ಚರಿತ್ರೆಯ ನಾಲ್ಕನೆಯ ಸಂಪುಟದಲ್ಲಿ ಸಿಥಿಯನ್ನರು ಫೆಲ್ಟಿನ ಗುಡಾರದೊಳಗೆ ಹಬೆಸ್ನಾನ ಮಾಡುತ್ತಿದ್ದುದನ್ನು ಹೇಳುತ್ತಾನೆ. ತುರ್ಕಿ ಮತ್ತು ಮಂಗೋಲ ಅರಸರಲ್ಲಿ ಹೊಸ ಖಾನನನ್ನು ಬಿಳಿಯ ಫೆಲ್ಟಿನ ಮೇಲೆ ಕೂರಿಸಿ ಎತ್ತಿ ಹಿಡಿಯುವ ಪದ್ಧತಿಯಿತ್ತು. ಮಂಗೋಲಿಯದಲ್ಲಿ ಹೊಸ ಉಣ್ಣೆಯನ್ನು ಹಳೆಯ ಫೆಲ್ಟಿನ ಮೇಲೆ ಹರಡಿ ಸುತ್ತುತ್ತಾರೆ. ಹಳೆಯದನ್ನು ‘ತಾಯಿ’ ಎಂದು ಕರೆಯುತ್ತಾರೆ. ಪರಂಪರೆಯೆಂಬ ಪದಕ್ಕೆ ಇದಕ್ಕಿಂತ ಸರಳವಾದ ನಿದರ್ಶನ ಸಿಗುವುದು ಕಷ್ಟ.

೪. ಪದದ ಜಾಡು

ಭಾರತದ ಮಟ್ಟಿಗೆ ಉತ್ಖನನಕ್ಕಿಂತ ಪದಗಳೇ ಹೆಚ್ಚು ನೆರವಾಗುತ್ತವೆ. ಸಂಸ್ಕೃತ ನಿಘಂಟುಗಳಲ್ಲಿ ‘ನಮತ’ ಎಂಬ ಶಬ್ದಕ್ಕೆ ಉಣ್ಣೆಯ ಬಟ್ಟೆ, ಫೆಲ್ಟ್ ಎಂಬ ಅರ್ಥಗಳಿವೆ. ಪಾಲಿ ವಿನಯಪಿಟಕದ ಚುಲ್ಲವಗ್ಗದಲ್ಲಿ ಭಿಕ್ಷುಗಳಿಗೆ ಅನುಮತಿಸಿದ ವಸ್ತುಗಳಲ್ಲಿ ‘ನಮತಕ’ವೂ ಒಂದು. ಬುದ್ಧಘೋಷನದೆಂದು ಪರಂಪರೆ ಹೇಳುವ ವಿನಯದ ವ್ಯಾಖ್ಯಾನವು ಈ ಪದವನ್ನು ಬಿಡಿಸುವ ರೀತಿ ಬಹಳ ಗಮನಾರ್ಹವಾದುದು. ನಮತಕವೆಂದರೆ ಕುರಿಯ ಉಣ್ಣೆಯಿಂದ ಮಾಡಿದ್ದು, ನೇಯದೆ ಮಾಡಿದ್ದು. ಚರ್ಮದ ತುಂಡಿಗೆ ಅನ್ವಯಿಸುವ ನಿಯಮದಂತೆ ಅದನ್ನು ಬಳಸಬೇಕು ಎಂಬುದು ಅಲ್ಲಿನ ವಿವರಣೆಯ ಸಾರ. ನೇಯ್ದ ವಸ್ತ್ರಗಳಿಗೆ ಭಿಕ್ಷುಗಳಲ್ಲಿ ಬೇರೆಯೇ ವಿಧಿಗಳಿದ್ದವು. ಎಂದರೆ ಸುಮಾರು ಕ್ರಿ.ಶ. 5ನೆಯ ಶತಮಾನದ ವ್ಯಾಖ್ಯಾನಕಾರನು ಈ ವಸ್ತುವನ್ನು ಮಗ್ಗದ ಬಟ್ಟೆಗಳ ಸಾಲಿನಿಂದ ಎತ್ತಿ ಬೇರೆಡೆ ಇರಿಸಿದ್ದಾನೆ. ತಯಾರಿಕೆಯ ಕ್ರಮವನ್ನು ಬಲ್ಲವರಿಗಲ್ಲದೆ ಈ ವರ್ಗೀಕರಣ ಹೊಳೆಯುವಂತಹುದಲ್ಲ.

ಇದೇ ಪದ ಮಧ್ಯ ಏಷ್ಯದಲ್ಲಿಯೂ ಕಾಣಿಸುತ್ತದೆ. ಆರೆಲ್ ಸ್ಟೈನ್ ಅವರು ನಿಯಾ ಎಂಬಲ್ಲಿ 1901ರಿಂದ ಶೋಧಿಸಿದ ಖರೋಷ್ಠಿ ಲಿಪಿಯ ಪ್ರಾಕೃತ ದಾಖಲೆಗಳು ಮುಖ್ಯವಾಗಿ ಕ್ರಿ.ಶ. 3–4ನೆಯ ಶತಮಾನಗಳವು. ತೆರಿಗೆಯಾಗಿ ಸಲ್ಲುತ್ತಿದ್ದ ತುಪ್ಪ, ಕುರಿ, ಧಾನ್ಯಗಳ ಜೊತೆಗೆ ಅವುಗಳಲ್ಲಿ ನಮತವೂ ಬರುತ್ತದೆ. ಈ ದಾಖಲೆಗಳನ್ನು 1940ರಲ್ಲಿ ಇಂಗ್ಲಿಷಿಗೆ ಅನುವಾದಿಸಿದವರು ಟಿ. ಬರೋ. ಎಮಿನೋ ಅವರೊಡನೆ ದ್ರಾವಿಡ ಜ್ಞಾತಿಪದಕೋಶವನ್ನು ರಚಿಸಿದ ಬರೋ ಅವರೇ ಇವರು. ಕನ್ನಡ ಸಂಶೋಧಕರಿಗೆ ಅಪರಿಚಿತರಲ್ಲ.

ಮೊಗಲರ ಕಾಲಕ್ಕೆ ಪದವು ಪಾರಸಿಯ ರೂಪದಲ್ಲಿ ಮತ್ತೆ ಎದುರಾಗುತ್ತದೆ. ಅಬುಲ್ ಫಜಲನು ‘ಐನ್–ಎ–ಅಕ್ಬರಿ’ಯಲ್ಲಿ ಅರಮನೆಯ ಹಾಸುಗಳನ್ನು ವಿವರಿಸುತ್ತ ‘ತಕಿಯಾ ನಮದ್’ ಎಂಬುದನ್ನು ಹೆಸರಿಸುತ್ತಾನೆ. ಅದು ಕಾಬೂಲ್ ಮತ್ತು ಪರ್ಷಿಯಗಳಿಂದ ಬರುತ್ತಿತ್ತು, ಈ ದೇಶದಲ್ಲಿಯೂ ತಯಾರಾಗುತ್ತಿತ್ತು. ಮುಂದೆ ಯಾರ್ಕಂದ್ ಮತ್ತು ಖೋತಾನಗಳ ನಮ್ದಾಗಳು ಲಡಾಖಿನ ಮಾರ್ಗವಾಗಿ ಶ್ರೀನಗರಕ್ಕೆ ಬಂದು, ಅಲ್ಲಿ ಕಸೂತಿ ಪಡೆದು ಮಾರಾಟವಾಗುತ್ತಿದ್ದವು. 20ನೆಯ ಶತಮಾನದ ನಡುಭಾಗದಲ್ಲಿ ಆ ಮಾರ್ಗ ಮುಚ್ಚಿತು.

೫. ಪಿಂಜಾರರು ಮತ್ತು ಕಂಬಳಿ

ಕರ್ನಾಟಕಕ್ಕೆ ಇಲ್ಲಿ ಒಂದು ನಿಜವಾದ ಕೊಂಡಿಯಿದೆ. ಅದು ಇರುವುದು ಬಟ್ಟೆಯಲ್ಲಲ್ಲ, ಹಿಂಜುವ ಕಾಯಕದಲ್ಲಿ. ಕಚ್ಛ್ ಪ್ರದೇಶದಲ್ಲಿ ನಮ್ದಾ ಮಾಡುವವರು ಪಿಂಜಾರ ಮತ್ತು ಮನ್ಸೂರಿ ಸಮುದಾಯದವರು. ನಮ್ಮಲ್ಲಿ ಪಿಂಜಾರರು, ಅಥವಾ ನದಾಫರು, ಬಿಲ್ಲಿನಿಂದ ಹತ್ತಿ ಹಿಂಜಿ ಹಾಸಿಗೆ ಹೊಲಿದು ಬಾಳಿದವರು. ‘ನದ್ದಾಫ್’ ಎಂದರೆ ಅರಬ್ಬಿಯಲ್ಲಿ ಹತ್ತಿ ಹಿಂಜುವವನು. 922ರಲ್ಲಿ ಬಾಗ್ದಾದಿನಲ್ಲಿ ಮರಣದಂಡನೆಗೆ ಗುರಿಯಾದ ಸೂಫಿ ಮನ್ಸೂರ್ ಅಲ್ ಹಲ್ಲಾಜನ ಬಿರುದಿಗೂ ಹಿಂಜುವವನೆಂದೇ ಅರ್ಥ. ಮನ್ಸೂರಿ ಎಂಬ ಹೆಸರನ್ನು ಅವನೊಡನೆ ಜೋಡಿಸುವ ನಂಬಿಕೆ ಆ ಸಮುದಾಯದಲ್ಲಿದೆ. ರಾಜಸ್ಥಾನದ ಸಂತ ದಾದೂ ದಯಾಳನನ್ನೂ ಪರಂಪರೆಯು ಹಿಂಜುವವರ ಕುಲಕ್ಕೆ ಸೇರಿಸುತ್ತದೆ. ಮಗ್ಗದ ಸಂತರನ್ನು ಅರಿಯಲು ನಾವು ಪಟ್ಟ ಶ್ರಮವನ್ನು ಹಿಂಜುಬಿಲ್ಲಿನ ಸಂತರಿಗೂ ಸಲ್ಲಿಸಬೇಕಾಗಿದೆ.

ನಮ್ಮ ಕಂಬಳಿಯನ್ನು ನಮ್ದಾ ಎಂದು ಭ್ರಮಿಸಬಾರದು. ದಖ್ಖನಿ ಕುರಿಯ ಕಪ್ಪು ಉಣ್ಣೆಯನ್ನು ನೂತು, ಹಾಸಿಗೆ ಹುಣಸೆಬೀಜದ ಗಂಜಿ ಕೊಟ್ಟು, ಗುಂಡಿಮಗ್ಗದಲ್ಲಿ ಕುರುಬರು ನೇಯ್ದದ್ದು ಕಂಬಳಿ. ಮಳೆ, ಚಳಿಗಳಲ್ಲಿ ಹೆಗಲ ಮೇಲೆ ಹೊತ್ತು ಕುರಿಯ ಹಿಂದೆ ನಡೆಯುವವನ ಬಟ್ಟೆಯದು. ನಮ್ದಾ ಪ್ರಧಾನವಾಗಿ ನೆಲ, ಗುಡಾರ, ತಡಿಗಳದು. ಆದರೂ ಕುರಿಗಾಹಿ ಸಮಾಜಗಳು ಉಣ್ಣೆಗೆ ಕೊಟ್ಟ ಗೌರವದಲ್ಲಿ ಸಾಮ್ಯವಿದೆ. ಹಾಲುಮತದ ಆಚರಣೆಗಳಲ್ಲಿ ಕರಿಯ ಕಂಬಳಿ ಗದ್ದುಗೆಯಾಗುತ್ತದೆ. ಹುಲ್ಲುಗಾವಲಿನ ನಾಡಿನಲ್ಲಿ ಬಿಳಿಯ ಫೆಲ್ಟ್ ಸಿಂಹಾಸನವಾಗುತ್ತಿತ್ತು. ಇದು ಪ್ರಭಾವದ ಮಾತಲ್ಲ, ಬದುಕಿನ ಸಮಾನತೆಯ ಮಾತು.

೬. ಆಗಬೇಕಾದ ಕೆಲಸ

ಕುಶಲಕಲೆಯ ಸ್ಥಿತಿ ಸಮಾಧಾನಕರವಾಗಿಲ್ಲ. 1998ರಿಂದ 2008ರ ನಡುವೆ ಕಾಶ್ಮೀರದ ನಮ್ದಾ ರಫ್ತು ಹೆಚ್ಚುಕಡಿಮೆ ಪೂರ್ಣವಾಗಿ ನಿಂತುಹೋಯಿತೆಂದು ಕೇಂದ್ರ ಸರ್ಕಾರವೇ ಹೇಳಿದೆ. ಕಚ್ಚಾವಸ್ತು, ನುರಿತ ಕೈಗಳು, ಮಾರುಕಟ್ಟೆ ಈ ಮೂರರ ಅಭಾವ ಅದಕ್ಕೆ ಕಾರಣ. 2021ರಲ್ಲಿ ಆರಂಭವಾದ ಕೌಶಲ ತರಬೇತಿ ಯೋಜನೆಯ ಫಲವಾಗಿ 2023ರಲ್ಲಿ ಒಂದು ತಂಡದ ಸರಕು ಬ್ರಿಟನ್ನಿಗೆ ಹೊರಟಿತು. ಇನ್ನೊಂದು ಕಡೆ, ಅಂಗಡಿಗಳಲ್ಲಿ ಫೆಲ್ಟ್ ಎಂಬ ಹೆಸರಿನಲ್ಲಿ ದೊರೆಯುವ ಬಣ್ಣದ ಹಾಳೆಗಳು ಬಹುಮಟ್ಟಿಗೆ ಕೃತಕ ಎಳೆಗಳನ್ನು ಯಂತ್ರದ ಮುಳ್ಳುಸೂಜಿಗಳಿಂದ ಚುಚ್ಚಿ ಹೆಣೆದಂಥವು. ಅವುಗಳಲ್ಲಿ ಉಣ್ಣೆಯ ಪೊರೆಗೆ ಕೆಲಸವಿಲ್ಲ. ಹೆಸರು ಉಳಿದು ವಿದ್ಯೆ ಅಳಿಯುವ ಅಪಾಯ ಇಲ್ಲಿದೆ.

ಹೊರನಾಡಿನ ಕನ್ನಡ ಸಂಶೋಧಕರು ಈ ವಿಷಯದಲ್ಲಿ ಅನುಕೂಲಕರ ನೆಲೆಯಲ್ಲಿದ್ದಾರೆ. ದೆಹಲಿಯಲ್ಲಿರುವವರಿಗೆ ಟೋಂಕ್ ದೂರವಲ್ಲ. ಮುಂಬಯಿಯವರಿಗೆ ಕಚ್ಛ್, ಹೈದರಾಬಾದಿನವರಿಗೆ ದಖ್ಖನಿ ಉಣ್ಣೆಯ ನಾಡು ಕೈಗೆಟುಕುವಂತಿವೆ. ಹಿಂಜುವ, ಹರಡುವ, ಉರುಳಿಸುವ ಕ್ರಿಯೆಗಳಿಗೆ ಕುಶಲಕರ್ಮಿಗಳು ಬಳಸುವ ಪದಗಳನ್ನು ಅವರ ಬಾಯಿಂದಲೇ ಕೇಳಿ ಸಂಗ್ರಹಿಸಿ, ಕನ್ನಡದ ಪಿಂಜಾರರ ಮತ್ತು ಕಂಬಳಿ ನೇಕಾರರ ಪದಗಳೊಡನೆ ಹೋಲಿಸುವುದು ಮೊದಲ ಹೆಜ್ಜೆ. ಸಂಗ್ರಹಾಲಯಗಳಲ್ಲಿ ‘ಉಣ್ಣೆಯ ಹಾಸು’ ಎಂದಷ್ಟೇ ಬರೆದಿಟ್ಟ ವಸ್ತುಗಳಲ್ಲಿ ನೂಲಿದೆಯೇ ಇಲ್ಲವೇ ಎಂದು ಪರೀಕ್ಷಿಸುವುದು ಎರಡನೆಯದು. ನೇಯದ ಬಟ್ಟೆಗೂ ಒಂದು ಹೆಸರು, ಒಂದು ವರ್ಗ ಬೇಕೆಂದು ಪಾಲಿ ವ್ಯಾಖ್ಯಾನಕಾರನು ಹದಿನೈದು ಶತಮಾನಗಳ ಹಿಂದೆಯೇ ಕಂಡುಕೊಂಡಿದ್ದನು. ಆ ಎಚ್ಚರವನ್ನು ನಮ್ಮ ಜವಳಿ ಚರಿತ್ರೆಯ ಬರವಣಿಗೆಗೂ ತರುವುದು ಇಂದಿನ ಅಗತ್ಯ.